ಹದಿನಾಲ್ಕು ಬೋಲ್ಟುಗಳ ಅಮಾವಾಸ್ಯೆ

ಭೂಸನೂರಿನ ಸಕ್ಕರೆ ಕಾರ್ಖಾನೆಯ ದಾರಿಯಲ್ಲಿ ಗೌಸಮೊಹಿದ್ದೀನನ ಗ್ಯಾರೇಜು. ಅಮಾವಾಸ್ಯೆಯ ಮುಂಜಾನೆ ಅಲ್ಲಿ ಒಂದು ಟ್ರ್ಯಾಕ್ಟರು ತಲೆಯಿಲ್ಲದೆ ನಿಂತಿತ್ತು. ಎಂಜಿನ್ನಿನ ಹೆಡ್ಡನ್ನು ಬಿಚ್ಚಿ ಗೋಣಿಚೀಲದ ಮೇಲೆ ಮಲಗಿಸಿದ್ದರು. ಅದನ್ನು ಬಿಗಿಹಿಡಿಯುವ ಹದಿನಾಲ್ಕು ಉದ್ದನೆಯ ಬೋಲ್ಟುಗಳು ಡೀಸೆಲ್ಲಿನಲ್ಲಿ ಮಿಂದು ಹಲಗೆಯ ಮೇಲೆ ಒಣಗುತ್ತಿದ್ದವು. ಟ್ರ್ಯಾಕ್ಟರಿನ ಒಡತಿ ಶಾಂಭವಿ ನಿಂತಲ್ಲಿ ನಿಲ್ಲಲಾರದೆ ಗ್ಯಾರೇಜಿನ ಉದ್ದಗಲ ಅಳೆಯುತ್ತಿದ್ದಳು.

ಅವತ್ತು ಮೂರು ಗಂಟೆಗೆ ಕರಜಗಿಯಲ್ಲಿ ಟ್ರ್ಯಾಕ್ಟರ್ ರಿವರ್ಸ್ ಸ್ಪರ್ಧೆ. ಸುಣ್ಣದ ಎರಡು ಗೆರೆಗಳ ನಡುವೆ, ಗೆರೆ ತುಳಿಯದೆ, ಟ್ರಾಲಿ ಸಮೇತ ನೂರು ಮೀಟರು ಎಲ್ಲರಿಗಿಂತ ಬೇಗ ಹಿಂದಕ್ಕೆ ಓಡಿಸಬೇಕು. ಹೋದ ವರ್ಷ ಕಮಿಟಿಯವರು ಹೆಣ್ಣುಮಗಳೆಂದು ಅವಳ ಹೆಸರು ಬರೆದುಕೊಂಡಿರಲಿಲ್ಲ. ಈ ವರ್ಷ ಬರೆದುಕೊಂಡಿದ್ದರು, ಒಂಬತ್ತನೆಯ ನಂಬರು. ಟ್ರಾಲಿ ಕಮಿಟಿಯದು, ಟ್ರ್ಯಾಕ್ಟರು ಮಾತ್ರ ಅವರವರದೇ ಇರಬೇಕೆಂಬುದು ನಿಯಮ. ಎರಡು ದಿನದ ಹಿಂದೆ ಹೆಡ್ಡಿನ ಕೆಳಗಿನ ಗ್ಯಾಸ್ಕೆಟ್ಟು ಸುಟ್ಟು ರೇಡಿಯೇಟರಿನ ನೀರೆಲ್ಲ ಕುದ್ದು ಉಕ್ಕಿತ್ತು. ಇವತ್ತು ಹೋಗದಿದ್ದರೆ ಎಂಜಿನ್ ಕೆಟ್ಟಿತ್ತು ಎಂದು ಯಾರೂ ಅನ್ನುವುದಿಲ್ಲ, ಅಂಜಿದಳು ಅನ್ನುತ್ತಾರೆ.

“ಮಾಮಾ, ಒಂಬತ್ತು ಹೊಡೀತು.”

“ಹೊಡೀಲಿ ಬೇಟಿ. ನಾ ಏನ್ ಗಡಿಯಾರ ರಿಪೇರಿ ಮಾಡಾಕತ್ತೇನೇನು? ಗ್ಯಾಸ್ಕೆಟ್ ಹೊಸಾದು ಅದ, ಹೆಡ್ಡು ಸಪಾಟ ಅದ. ಬೋಲ್ಟ್ ಬಿಗದ್ರ ಹನ್ನೊಂದಕ್ಕ ನೀ ಹಾದಿ ಹಿಡೀತಿ.”

“ಹಳೇವೇ ಹಾಕ್ತೀರೇನು?”

“ಮತ್ತ? ನಟ್ ಹಾಕಿ ಬೊಟ್ಟಿಲೆ ತಿರುವೀನಿ, ಎಲ್ಲೂ ಹಿಡೀಲಿಲ್ಲ. ಥ್ರೆಡ್ ಮಸ್ತ್ ಅವ. ನಮ್ಮ ಉಸ್ತಾದ ಇಂಥವೇ ಬೋಲ್ಟಿನ್ಯಾಗ ಮೂರು ಎಂಜಿನ್ ದಾಟಿಸ್ಯಾನ.”

ಶಾಂಭವಿಯ ಅತ್ತೆ ಗುರುಶಾಂತಮ್ಮ ಪೂಜೆಯ ಚೀಲ ಮಡಿಲಲ್ಲಿಟ್ಟುಕೊಂಡು ಕುರ್ಚಿಯಲ್ಲಿ ಕುಳಿತಿದ್ದಳು. ಎದ್ದು ಬಂದಳು.

“ಗೌಸ್ಯಾ, ಅಮಾಸಿ ದಿನ ಪೂಜಿ ಇಲ್ದ ಒಂದು ಮೊಳಿ ಸೈತ ನಮ್ಮ ಗಾಡಿಗಿ ಹಾಕಂಗಿಲ್ಲ.”

“ಮಾಡಕ್ಕಾ. ಆದ್ರ ಕುಂಕುಮ ಥ್ರೆಡ್ಡಿನ್ಯಾಗ ತುಂಬಬ್ಯಾಡ.”

“ನನಗಷ್ಟೂ ಬುದ್ಧಿಲ್ಲೇನು? ತಲಿಗಷ್ಟ ವಿಭೂತಿ ಹಚ್ತೇನಿ.”

ಕೈಯಲ್ಲಿ ಹಿಡಿದದ್ದೆಲ್ಲ ಶಿವನದು ಎಂದು ನಂಬಿದ ಜೀವಕ್ಕೆ ಕಬ್ಬಿಣವೂ ಒಂದೇ, ಕಳಸವೂ ಒಂದೇ. ಗುರುಶಾಂತಮ್ಮ ನೆಲಕ್ಕೆ ಹಾಸಿದ ಶಹಾಬಾದಿ ಫರಸಿಯನ್ನು ಸೆರಗಿನಿಂದ ಒರೆಸಿದಳು. ಒಂದೊಂದೇ ಬೋಲ್ಟಿಗೆ ಮೂರು ಬೆರಳಿನ ವಿಭೂತಿ ಎಳೆದು, ತಲೆ ಕೆಳಗಾಗಿ ದುಂಡಗೆ ನಿಲ್ಲಿಸಿದಳು. ಮಂಟಪದ ಕಂಬಗಳಂತೆ ನಿಂತ ಆ ಹದಿನಾಲ್ಕರ ಮೇಲೆ ಆರತಿಯ ಹಿತ್ತಾಳೆ ತಾಟನ್ನಿಟ್ಟಳು. ತಾಟು ಕಟಕಟ ಅಂದಿತು.

“ಯಾಕ ಕುಣೀತಿಯೋ?” ಎಂದು ತಾಟನ್ನೇ ಗದರಿಸಿ ತಿರುಗಿಸಿಟ್ಟಳು. ಮತ್ತೆ ಕಟಕಟ.

ಗೌಸಮೊಹಿದ್ದೀನ ನಕ್ಕ. “ತಾಟ ಸೊಟ್ಟ ಅದ ಅಕ್ಕಾ.”

“ನಮ್ಮ ತವರುಮನಿ ತಾಟ ಅದು. ನಿನ್ನ ಮಾರಿ ಸೊಟ್ಟ!” ಅಂದವಳೇ ಬೋಲ್ಟುಗಳ ಜಾಗ ಅದಲು ಬದಲು ಮಾಡಿದಳು, ತಾಟಿನ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಿದಳು. “ಇಲ್ ನೋಡು. ಇವೆರಡು ಬಾಳ ಸೊಕ್ಕಿನವು. ಎಲ್ಲಿ ನಿಲ್ಲಿಸಿದ್ರೂ ಎಲ್ಲಾರಕಿಂತ ತಲಿ ಎತ್ತತಾವ.”

ಗೌಸನ ನಗು ನಿಂತಿತು. ಮೊಣಕಾಲೂರಿ, ಒಂದು ಕಣ್ಣು ಮುಚ್ಚಿ, ಬೋಲ್ಟುಗಳ ತುದಿಗೆ ಉಕ್ಕಿನ ಸ್ಕೇಲು ಹಿಡಿದ. ಸ್ಕೇಲಿನ ಕೆಳಗಿಂದ ಬೆಳಕು ನುಗ್ಗಿತು. ಆ ಎರಡು ಬೋಲ್ಟು ಉಳಿದವುಗಳಿಗಿಂತ ಉಗುರಿನ ದಪ್ಪದಷ್ಟು ಉದ್ದವಿದ್ದವು.

“ಯಾ ಅಲ್ಲಾ! ಇವು ಜಗ್ಗ್ಯಾವ.”

“ಜಗ್ಗೂದು ಅಂದ್ರ?” ಶಾಂಭವಿ ಕುಕ್ಕರಿಸಿದಳು.

“ಬಿಗದು ಬಿಗದು ಕಬ್ಬಿಣ ಹಿಗ್ಗತದ ಬೇಟಿ. ಹಿಗ್ಗಿದ್ದು ಹೆಡ್ಡನ್ನ ಒತ್ತಿ ಹಿಡ್ಯಂಗಿಲ್ಲ.” ಅವನು ಎಣ್ಣೆಗೈಯಿಂದಲೇ ಹಣೆ ಉಜ್ಜಿಕೊಂಡ. “ನಾಕು ತಿಂಗಳ ಹಿಂದ ನಾನೇ ಇವೇ ಬೋಲ್ಟ್ ಹಾಕಿ ಬಿಗದಿದ್ದೆ. ಗ್ಯಾಸ್ಕೆಟ್ ಸುಟ್ಟಾಗ ಗ್ಯಾಸ್ಕೆಟ್ ಮಾಡಿದಾಂವಗ ಬೈದೆ. ಪಾಪ, ಅಂವಂದೇನೂ ತಪ್ಪಿಲ್ಲ. ತಪ್ಪು ನಂದು.”

ಇಪ್ಪತ್ತೆಂಟು ವರ್ಷ ಪಾನಾ ಹಿಡಿದ ಕೈಗೆ ಇಂಥ ಮಾತು ಸುಲಭವಲ್ಲ. ಒಪ್ಪಿಕೊಳ್ಳುವ ಮನಸ್ಸನ್ನೂ ಆ ದಯಾಮಯನೇ ಕೊಡಬೇಕು. ಗೌಸ ಎದ್ದು ಹಳೆಯ ಡಬ್ಬಿ ಸುರುವಿ, ಅದೇ ನಂಬರಿನ ಎರಡು ಬೋಲ್ಟು ಹೆಕ್ಕಿ ತಂದ.

“ಸೊಕ್ಕಿನವು ಎರಡು ತಗದು ಇವೆರಡು ಹಾಕೋಣು. ಇವತ್ತಿಗಿ ನಡೀತದ.”

ಶಾಂಭವಿಗೆ ಹೂಂ ಅನ್ನುವ ಆಸೆ ಬಾಯಿತನಕ ಬಂತು. ಹೂಂ ಅಂದರೆ ಹನ್ನೊಂದಕ್ಕೆ ಹಾದಿ. ಆದರೆ ಅವಳ ಕಣ್ಣು ಫರಸಿಯ ಮೇಲೆ ಉಳಿದ ಹನ್ನೆರಡರ ಮೇಲಿತ್ತು.

“ಮಾಮಾ, ಇವೆರಡು ಉಳಿದವಕ್ಕಿಂತ ಉದ್ದ ಅವ ಅಂತ ಸಿಕ್ಕಬಿದ್ವು. ಉಳಿದ ಹನ್ನೆರಡೂ ಕೂಡಿ ಒಂದೇ ಸಮ ಹಿಗ್ಗಿದ್ರ?”

ಗೌಸ ಹನ್ನೆರಡರಲ್ಲಿ ಒಂದನ್ನೆತ್ತಿ ತಿರುಗಿಸಿ ನೋಡಿದ. “ಹೊಸಾದು ಒಂದು ಇದ್ರ ಬಾಜೂಕ ನಿಲ್ಲಿಸಿ ನೋಡಬಹುದಿತ್ತು.”

“ಇಲ್ಲಲ್ಲ. ಫುಲ್ ಎಕ್ಸಿಲೇಟರ್ ಒತ್ತಿದಾಗ ನೂರು ಮೀಟರಿನ ನಡುವ ಗೊತ್ತಾಗ್ತದ, ಮೂರು ಸಾವಿರ ಮಂದಿ ಮುಂದ. ಬ್ಯಾಡ. ಹದಿನಾಲ್ಕೂ ಹೊಸಾವು.”

ಗೌಸ ಫೋನು ಹಚ್ಚಿದ. ಆಳಂದದಲ್ಲಿ ಇಲ್ಲ. ಅಫಜಲಪುರದಲ್ಲಿ ಬಿಡಿಭಾಗದ ಅಂಗಡಿ ಇಟ್ಟಿದ್ದ ಖಲೀಲ, “ಒಂದೇ ಸೆಟ್ ಅದ ಉಸ್ತಾದ, ತಗದಿಡ್ತೇನಿ” ಅಂದ. ಆದರೆ ಅಫಜಲಪುರಕ್ಕೆ ಹೋಗಿ, ತಂದು, ಇಲ್ಲಿ ಬಿಗಿದು, ಮತ್ತೆ ಅದೇ ಅಫಜಲಪುರ ದಾಟಿ ಕರಜಗಿ ಮುಟ್ಟುವಷ್ಟರಲ್ಲಿ ಸ್ಪರ್ಧೆ ಮುಗಿದಿರುತ್ತದೆ.

ಅಷ್ಟರಲ್ಲಿ ಕಾರ್ಖಾನೆಯಲ್ಲಿ ಕಬ್ಬು ಇಳಿಸಿದ ಲಾರಿಯೊಂದು ಗಡಗಡ ಬಂತು. ಶಾಂಭವಿ ರಸ್ತೆಗೇ ಓಡಿ ಎರಡೂ ಕೈ ಎತ್ತಿ ನಿಂತಳು. ಡ್ರೈವರ್ ದತ್ತಪ್ಪ ಬ್ರೇಕು ತುಳಿದು ತಲೆ ಹೊರಹಾಕಿದ.

“ಏ ಯವ್ವಾ, ಸಾಯಾಕ ನಂದೇ ಗಾಡಿ ಬೇಕಾತೇನು?”

“ಅಣ್ಣಾ, ಖಾಲಿ ಎಲ್ಲಿಗಿ ಹೊಂಟೀರಿ?”

“ಕರಜಗಿಗಿ. ಮತ್ತ ಕಬ್ಬು ತುಂಬಾಕ.”

“ಹಂಗಿದ್ರ ನನ್ನ ಟ್ರ್ಯಾಕ್ಟರ್ ಕಟಕೊಂಡು ಎಳಕೊಂಡು ನಡೀರಿ! ಹಾದ್ಯಾಗ ಬೋಲ್ಟ್ ತಗೊಂಡು ಅಲ್ಲೇ ಬಿಗೀತೇವಿ.”

ದತ್ತಪ್ಪ ಟ್ರ್ಯಾಕ್ಟರು ನೋಡಿದ, ಅವಳ ಮುಖ ನೋಡಿದ. “ಅದಕ್ಕ ತಲಿ ಇಲ್ಲ. ನಿನಗೂ ಇಲ್ಲೇನು?”

“ತಲಿ ನನ್ನ ಕಾಲಾಗ ಇಟಕೊಂಡು ಬರ್ತೇನಿ” ಎಂದು ಗುರುಶಾಂತಮ್ಮ ಆಗಲೇ ಕ್ಯಾಬಿನ್ನಿನ ಮೆಟ್ಟಿಲು ಹತ್ತುತ್ತಿದ್ದಳು. “ಕೌದಿಯಾಗ ಸುತ್ತಿ ಕೊಡಲೇ ಗೌಸ್ಯಾ!”

ಹೆಡ್ಡಿಗೆ ಕೌದಿ, ತೆರೆದ ಎಂಜಿನ್ನಿಗೆ ತಾಡಪತ್ರಿ, ಮುಂದೆ ಕಬ್ಬಿಣದ ಸರಪಳಿ. ಶಾಂಭವಿ ಸ್ಟೇರಿಂಗು ಹಿಡಿದಳು, ಗೌಸ ಮಡ್‌ಗಾರ್ಡಿನ ಮೇಲೆ ಕುಳಿತು ಪಾನಾಗಳ ಚೀಲ ಅಪ್ಪಿಕೊಂಡ. ಹೊರಟಿತು ಮೆರವಣಿಗೆ! ಎರಡೂ ಬದಿ ತೆನೆ ತೂಗುವ ಬಿಳಿಜೋಳ, ಮುಂದೆ ಲಾರಿಯ ಧೂಳು. ಸರಪಳಿ ಸಡಿಲಾಗಿ ಜಗ್ಗಿದಾಗೆಲ್ಲ ಶಾಂಭವಿ ಸ್ಟೇರಿಂಗನ್ನು ಬಿಗಿಹಿಡಿಯುತ್ತಿದ್ದಳು, ಮರುಕ್ಷಣ ನಗು ಉಕ್ಕುತ್ತಿತ್ತು. ಕ್ಯಾಬಿನ್ನಿನ ಕಿಟಕಿಯಿಂದ ಹಸಿರು ಬಳೆಯ ಕೈಯೊಂದು ಆಗಾಗ ಹೊರಬಂದು ಬೀಸುತ್ತಿತ್ತು.

“ಸಾವಕಾಶ ಹೊಡಿ ದತ್ತಪ್ಪಾ!” ಎಂಬ ಕೂಗು ಗಾಳಿಯಲ್ಲಿ ತೇಲಿ ಬರುತ್ತಿತ್ತು.

ಅಫಜಲಪುರದಲ್ಲಿ ಖಲೀಲ ಪೆಟ್ಟಿಗೆ ಹಿಡಿದು ರಸ್ತೆಯಲ್ಲೇ ನಿಂತಿದ್ದ. ಗೌಸ ಕೆಳಗಿಳಿಯದೆಯೇ ಅದನ್ನು ಇಸಿದುಕೊಂಡು ಹರಿದು, ಹೊಸ ಬೋಲ್ಟೊಂದನ್ನು ಮಡ್‌ಗಾರ್ಡಿನ ಮೇಲೆ ನಿಲ್ಲಿಸಿದ. ಪಕ್ಕಕ್ಕೆ, ಸರಿ ಇವೆಯೆಂದು ಬಗೆದಿದ್ದ ಹನ್ನೆರಡನ್ನು ಒಂದೊಂದಾಗಿ ಹಿಡಿದ. ಒಂಬತ್ತು ಹೊಸದಕ್ಕಿಂತ ಕೂದಲೆಳೆಯಷ್ಟು ಉದ್ದ!

“ಬೇಟಿ, ನಿನ್ನ ಮಾತು ಖರೆ” ಅಂದ.

ಕರಜಗಿಯ ಹೊಲ ಮುಟ್ಟಿದಾಗ ಒಂದೂವರೆ ದಾಟಿತ್ತು. ತಲೆಯಿಲ್ಲದ ಟ್ರ್ಯಾಕ್ಟರು ಸರಪಳಿಯಲ್ಲಿ ಬಂದದ್ದನ್ನು ನೋಡಿ ಮಂದಿ ಹೋ ಎಂದು ನಗುತ್ತ ಮುತ್ತಿಕೊಂಡರು. ಗೌಸ ಬೋಲ್ಟಿನ ತೂತುಗಳ ನೀರು, ಎಣ್ಣೆ ಎಲ್ಲ ಒರೆಸಿ, ಗ್ಯಾಸ್ಕೆಟ್ಟು ಹಾಸಿ, ಹೆಡ್ಡು ಕೂಡಿಸಿ, ಬಿಸ್ಮಿಲ್ಲಾ ಎಂದು ಮೊದಲ ಬೋಲ್ಟು ಇಳಿಸಿದ. “ಓಂ ನಮಃ ಶಿವಾಯ” ಎಂದು ಗುರುಶಾಂತಮ್ಮ ಎರಡನೆಯದನ್ನು ಕೈಗೆ ಕೊಟ್ಟಳು. ಆಮೇಲೆ ಟಾರ್ಕ್ ಪಾನಾ ಹೊರಬಂತು. ಬೇಕಾದಷ್ಟು ಬಿಗಿಯಾದ ಕೂಡಲೇ ಕಟ್ ಎಂದು ಸದ್ದು ಮಾಡುವ ಪಾನಾ ಅದು. ನಡುವಿನಿಂದ ಹೊರಕ್ಕೆ ಮೂರು ಸುತ್ತು. ಎರಡನೆಯ ಸುತ್ತಿನಲ್ಲಿ ನಗು ನಿಂತು, ಮೂರನೆಯ ಸುತ್ತಿನಲ್ಲಿ ಮಂದಿಯೆಲ್ಲ ಕೂಡಿ ಎಣಿಸತೊಡಗಿದರು.

“ಹನ್ನೆರಡು... ಹದಿಮೂರು... ಹದಿನಾಲ್ಕು!”

ವಾಲ್ವು ಹೊಂದಿಸಿ, ಬಿಚ್ಚಿದ್ದ ಉಳಿದದ್ದನ್ನೆಲ್ಲ ಜೋಡಿಸಿ, ನೀರು ತುಂಬುವಾಗ ಮೈಕು ಏಳನೆಯ ನಂಬರನ್ನು ಕರೆದಿತ್ತು. ಡೀಸೆಲ್ ಪೈಪಿನ ಗಾಳಿ ತೆಗೆಯುವಾಗ ಎಂಟನೆಯದನ್ನು. ಶಾಂಭವಿ ಚಾವಿ ತಿರುಗಿಸಿದಳು. ಕೆಮ್ಮಿತು. ಮತ್ತೆ ತಿರುಗಿಸಿದಳು. ಕರಿಹೊಗೆ ಬುಸ್ಸೆಂದು ಹಾರಿ ಎಂಜಿನ್ನು ಗುಡುಗಿತು!

“ನಂಬರ್ ಒಂಬತ್ತು! ಬಂದಾರೇನ್ರಿ?”

“ಬಂದಾಳ್ರಿ, ಬಂದಾಳ!” ಎಂದು ಗುರುಶಾಂತಮ್ಮ ಮೈಕಿಗಿಂತ ಜೋರಾಗಿ ಕೂಗಿದಳು.

ಸೀಟಿ ಊದಿದರು. ಶಾಂಭವಿ ಹೆಗಲ ಮೇಲಿಂದ ಹಿಂದೆ ನೋಡುತ್ತ ಎಕ್ಸಿಲೇಟರು ಒತ್ತಿದಳು. ಟ್ರಾಲಿ ಯಾವ ಕಡೆ ಜರಿದರೆ ಆ ಕಡೆಗೇ ಸ್ಟೇರಿಂಗು. ಯೋಚಿಸುತ್ತ ಕೂತರೆ ಆಗದ ಮಾತು, ಕೈಗೇ ತಿಳಿದಿರಬೇಕು. ಎಪ್ಪತ್ತು ಮೀಟರಿನ ಹತ್ತಿರ ಟ್ರಾಲಿಯ ಬಾಲ ಸುಣ್ಣದತ್ತ ವಾಲಿತು. ಹೊಲವೆಲ್ಲ ಉಸಿರು ಹಿಡಿಯಿತು. ಅವಳು ವೇಗ ಇಳಿಸಲಿಲ್ಲ, ಅರ್ಧ ಗೇಣು ತಿರುವಿ ಬಿಟ್ಟಳು. ಬಾಲ ನೆಟ್ಟಗಾಯಿತು, ಗೆರೆಗಳೆರಡೂ ಮುಂದಕ್ಕೆ ಹರಿದವು, ನೂರು ಮೀಟರು ಮುಗಿದು ಕೆಂಪು ನಿಶಾನೆ ಕೆಳಗಿಳಿಯಿತು.

ಮಂದಿ ಅವಳತ್ತ ಓಡಿದರೆ ಗೌಸ ಎಂಜಿನ್ನಿನತ್ತ ಓಡಿದ. ಹೆಡ್ಡಿನ ಸಂದಿಯ ಸುತ್ತ ಬಗ್ಗಿ ನೋಡಿದ. ಒಂದು ಹನಿ ನೀರಿಲ್ಲ, ಒಂದು ಎಳೆ ಹೊಗೆಯಿಲ್ಲ.

“ಕೊನೇ ಗಾಡಿ ನಂಬರ್ ಒಂಬತ್ತು, ಎರಡನೇ ಸ್ಥಾನ! ಮೊದಲಿನ ಮೂವರು ಫೈನಲ್ ಓಡಿಸಬೇಕ್ರಿ!”

“ಮಾಮಾ, ಮತ್ತೊಂದು ಸಲ ತಡೀತದೇನು?”

“ಮತ್ತೊಂದು ಸಲ ಯಾಕ, ಇಲ್ಲಿಂದ ಭೂಸನೂರಿಗಿ ಹಿಂದಕ್ಕೇ ಹೊಡಕೊಂಡು ನಡಿ!”

ಶಾಂಭವಿ ಸೆರಗು ಬಿಗಿದು ಸಿಕ್ಕಿಸಿ, ಟ್ರ್ಯಾಕ್ಟರನ್ನು ಮತ್ತೆ ಮೊದಲಿನ ಗೆರೆಗೆ ತಿರುಗಿಸಿದಳು.