ಕಟಿಂಗ್ ಶಾಪಿನಲ್ಲಿ ಹುಟ್ಟಿದ ಗ್ರಂಥಾಲಯ

ಗ್ರಂಥಾಲಯ ಸಂಘದ ಅಧ್ಯಕ್ಷರಿಗೆ ತಮ್ಮ ಅಪ್ಪನ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿದ್ದು ಅಪ್ಪ ಸತ್ತು ಇಪ್ಪತ್ತು ವರ್ಷವಾದ ಮೇಲೆ. ಗ್ರಂಥಾಲಯಕ್ಕೆ ಐವತ್ತು ತುಂಬುತ್ತಿತ್ತು. ಅದರ ಚರಿತ್ರೆ ಬರೆಯುವ ಕೆಲಸ ಲೈಬ್ರೇರಿಯನ್ ಕೊರಳಿಗೆ ಬಿತ್ತು. ಅವಳು ಬರೆದುಕೊಟ್ಟದ್ದರ ಮೊದಲ ಪುಟ ಓದುತ್ತಲೇ ಅಧ್ಯಕ್ಷರ ಮುಖ ಹುಳ್ಳಗಾಯಿತು.

"ಏನಮ್ಮಾ ಇದು? ಲೈಬ್ರರಿ ಕಟಿಂಗ್ ಶಾಪಲ್ಲಿ ಹುಟ್ತು ಅಂತ ಬರ್ದಿದೀಯ?"

"ಅಲ್ಲೇ ಹುಟ್ಟಿದ್ದು ಸರ್."

"ಹುಟ್ಟಿರಬಹುದು. ಹಾಗಂತ ಊರಿಗೆಲ್ಲ ಸಾರಬೇಕಾ? ಸ್ಥಾಪಕರು ನಮ್ಮ ತಂದೆ. ಬಾಗಿಲ ಕಲ್ಲಲ್ಲೇ ಕೆತ್ತಿಸಿದೀವಿ."

ಕಲ್ಲು ಪಾಪ, ಕೆತ್ತಿದ್ದನ್ನು ಹೊತ್ತುಕೊಂಡು ನಿಂತಿತ್ತು. ನಡೆದದ್ದು ಇಷ್ಟೇ: ಕ್ಷೌರಕ್ಕೆ ಕಾಯುತ್ತ ಕೂತ ಗಿರಾಕಿಗಳು ರಾಜಕೀಯ ಮಾತಾಡಿ ದಿನಾ ಕೈಕೈ ಮಿಲಾಯಿಸುತ್ತಿದ್ದರು. ರೋಸಿಹೋದ ಕ್ಷೌರಿಕ ಕನ್ನಡಿಯ ಪಕ್ಕ ಒಂದು ಬೀರು ತಂದಿಟ್ಟು ಹಳೇ ಪುಸ್ತಕ ತುಂಬಿದ. ಓದಿಕೊಂಡು ಬಾಯಿ ಮುಚ್ಚಿಕೊಂಡಿರಲಿ ಅಂತ. ಒಂದು ಬೀರು ನಾಲ್ಕಾಯಿತು, ನಾಲ್ಕು ಬೀರುಗಳಿಗೊಂದು ಸಂಘವಾಯಿತು, ಸಂಘ ಆದಮೇಲೆ ಕೇಳಬೇಕೆ, ಅಧ್ಯಕ್ಷರು ಹುಟ್ಟಿಕೊಂಡರು; ಮೊದಲನೆಯವರು ಈಗಿನವರ ತಂದೆ. ಕ್ಷೌರಿಕ ಮಾತ್ರ ಕತ್ತರಿ ಹಿಡಿದುಕೊಂಡು ಇದ್ದಲ್ಲೇ ಇದ್ದ.

ಆ ಕ್ಷೌರಿಕ ಲೈಬ್ರೇರಿಯನ್‌ಳ ಅಪ್ಪ. ಎಂಬತ್ತೈದು ದಾಟಿದೆ. ಅವನು ಬದುಕಿರುವಾಗಲೇ ಅವನ ಹೆಸರನ್ನು ಅಚ್ಚಿನಲ್ಲಿ ನೋಡಬೇಕೆಂಬುದೊಂದೇ ಅವಳ ಆಸೆ.

"ನಮ್ಮಪ್ಪನ ಹೆಸರು ತೆಗೆದ್ರೆ ಸಂಘದ ಸಭೇಲಿ ಇದನ್ನ ನಾನು ಓದಲ್ಲ ಸರ್."

"ಬಿಡು, ನಾನೇ ತಿದ್ದಿ ಓದ್ತೀನಿ. ಸಭೆ ಒಪ್ಪಿದ್ರೆ ನಾಳೇನೇ ಅಚ್ಚಿಗೆ."

ಸಭೆಯ ದಿನ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. "ನಮ್ಮ ಪೂಜ್ಯ ತಂದೆಯವರು ತೀರದ ಜ್ಞಾನದಾಹದಿಂದ..."

ಮುಂದಿನ ಸಾಲಿನಲ್ಲಿದ್ದ ಅವರ ತಾಯಿ ಕಿಸಕ್ಕನೆ ನಕ್ಕರು. "ಜ್ಞಾನದಾಹನಾ? ನಿಮ್ಮಪ್ಪಂಗಾ?"

"ಅಮ್ಮಾ, ಸುಮ್ನಿರು."

"ಐವತ್ತು ವರ್ಷ ಸುಮ್ನಿದ್ದೆ ಕಣೋ, ಸಾಕು. ಪುಸ್ತಕ ವಾಪಸ್ ಕೊಡದೆ ಸತಾಯಿಸಿದೋರಿಗೆ ಕ್ಷೌರದೋರು ಏನ್ಮಾಡ್ತಿದ್ರು ಗೊತ್ತಾ? ಅರ್ಧ ತಲೆ ಕಟಿಂಗ್ ಮಾಡಿ ಎಬ್ಬಿಸಿಬಿಡೋರು. ಪುಸ್ತಕ ತಂದ್ರೆ ಇನ್ನರ್ಧ! ನಿಮ್ಮಪ್ಪ ಮಹಾ ಹಟಮಾರಿ. ಒಂದು ತಿಂಗಳು ತಲೆಗೆ ಟವೆಲ್ ಸುತ್ಕೊಂಡು ಓಡಾಡಿದ್ರೇ ಹೊರತು ಪುಸ್ತಕ ಕೊಡ್ಲಿಲ್ಲ. ಆ ಟವೆಲ್ಲಲ್ಲೇ ಹೋಗಿ ಲೈಬ್ರರಿ ಉದ್ಘಾಟನೆ ಮಾಡಿದ್ರು. ಸ್ಥಾಪಕರಂತೆ, ಸ್ಥಾಪಕರು! ಹೆಸರು ಬರೆಯೋದಾದ್ರೆ ಅಗೋ, ಅವರದ್ದು ಬರಿ."

ಅವರ ಬೆರಳು ಹಿಂದಿನ ಸಾಲಿನಲ್ಲಿ ಕೂತಿದ್ದ ಮುದಿ ಕ್ಷೌರಿಕನತ್ತ ಚಾಚಿತು. ಸಭೆ ಬಿದ್ದು ಬಿದ್ದು ನಕ್ಕು, ಆಮೇಲೆ ಜೋರಾಗಿ ಚಪ್ಪಾಳೆ ತಟ್ಟಿತು. ಅಧ್ಯಕ್ಷರು ಬೆವರು ಒರೆಸಿಕೊಳ್ಳುತ್ತ, ತಂದೆಯ ಹೆಸರು ಹೊಡೆದುಹಾಕಿ ಕ್ಷೌರಿಕನ ಹೆಸರು ಬರೆದರು.

ಮಗಳ ಕಣ್ಣು ತುಂಬಿ ಬಂತು. ಅಪ್ಪನಿಗೆ ಕಿವಿ ಮಂದ. ಎಲ್ಲರೂ ತನ್ನ ಕಡೆ ತಿರುಗಿದ್ದು ಕಂಡು ಗಾಬರಿಯಾಗಿ ಎದ್ದು ನಿಂತಿದ್ದ. ಅವಳು ಅವನ ಕಿವಿಗೆ ಬಾಯಿಟ್ಟು ಕೂಗಿದಳು.

"ಅಪ್ಪಾ, ಲೈಬ್ರರಿ ಶುರು ಮಾಡಿದ್ದು ನೀನೇ ಅಂತ ಬರ್ಕೊಂಡ್ರು!"

ಅಪ್ಪ ಅಧ್ಯಕ್ಷರನ್ನು ಕಣ್ಣು ಕಿರಿದು ಮಾಡಿ ನೋಡಿದ.

"ಅದು ಹಾಗಿರ್ಲಿ. ಇವರಪ್ಪ ತಗೊಂಡು ಹೋದ ಪುಸ್ತಕ ಬಂತಾ?"