ಹನ್ನೊಂದು ಗಂಟೆಯ ಬಿಸಿಲು

"ಜರುಗ್ರಲಾ, ಬೇರು ಅಲ್ಲಾಡ್ತದೆ!" ಎನ್ನುತ್ತ ಕುಳ್ಳಯ್ಯ ಡಾಲ್ಡಾ ಡಬ್ಬವನ್ನು ಎದೆಗವಚಿಕೊಂಡು ಜನರ ನಡುವೆ ನುಗ್ಗಿದ. ಡಬ್ಬದಲ್ಲಿ ಕೆಂಪು ದಾಸವಾಳ. ಅಕ್ಕಿಹೆಬ್ಬಾಳಿನಿಂದ ಹೊಣಕೆರೆಗೆ ಮೂರು ಬಸ್ಸು ಬದಲಿಸಿದ್ದರೂ ಅದರದೊಂದು ಹೂವೂ ಉದುರಿರಲಿಲ್ಲ. ಕುಳ್ಳಯ್ಯನ ಅಂಗಿಯ ಗುಂಡಿಗಳು ಮಾತ್ರ ಎರಡು ಹೋಗಿದ್ದವು. ಅವನ ಅಕ್ಕ ದೊಡ್ಡತಾಯಮ್ಮನನ್ನು ಹೊಲದಂಚಿನ ಹೊಂಗೆಮರದಡಿ ಮಣ್ಣು ಮಾಡಿ ಆಗಷ್ಟೇ ಮುಗಿದಿತ್ತು. ತಲೆದೆಸೆಗೆ ತವರಿನವರು ತಂದ ಗಿಡವನ್ನೇ ನೆಡುವುದು ಆ ಮನೆತನದ ರೂಢಿ.

ಸೊಸೆ ಪ್ರಮೀಳಾ ಗಿಡವನ್ನು ನೋಡಿದಳು. ತಲೆಯೆತ್ತಿ ಮರವನ್ನು ನೋಡಿದಳು.

"ಮಾವ, ಇಲ್ಲಿ ದಾಸವಾಳ ಆಗಾಕಿಲ್ಲ. ಅತ್ತು ಗಂಟೆ ಮ್ಯಾಕೆ ಪೂರಾ ನೆಳ್ಳು. ಬರೀ ಎಲೆ ಬುಟ್ಕೊಂಡು ನಿಂತ್ಕತದೆ. ಇತ್ಲಲ್ಲಿ ಕನಕಾಂಬರ ಅದೆ, ಅದಾದ್ರೆ ಅರೆನೆಳ್ಳಲ್ಲೂ ಊವ ಬುಡ್ತದೆ."

"ಅಂಗಾದ್ರೆ ನಾನು ತಂದಿರೋದು ಸೊಪ್ಪೇನವ್ವ?" ಕುಳ್ಳಯ್ಯನ ಮೀಸೆ ಅದುರಿತು. "ತವರ್ನೋರ ಗಿಡ ಬ್ಯಾಡ ಅಂದ್ರೆ ತವರ್ನೋರೂ ಬ್ಯಾಡ. ನಾಡಿದ್ದು ಆಲುತುಪ್ಪಕ್ಕೆ ನನ್ನ ಕಾಯ್ಬ್ಯಾಡಿ."

ತಮ್ಮನಿಲ್ಲದೆ ಅಕ್ಕನ ಮೂರನೆಯ ದಿನದ ಹಾಲುತುಪ್ಪ! ಊರು ಹತ್ತು ವರ್ಷ ಆಡಿಕೊಳ್ಳುತ್ತಿತ್ತು. ಆದರೆ ದೊಡ್ಡತಾಯಮ್ಮನ ತಲೆದೆಸೆಯಲ್ಲಿ ಹೂ ಬಿಡದ ಗಿಡ? ಅದನ್ನು ಪ್ರಮೀಳಾ ದಿನವೂ ಹೊಲಕ್ಕೆ ಬಂದಾಗ ನೋಡಬೇಕಿತ್ತು.

"ಅಮ್ಮಯ್ಯ ಇದ್ದಿದ್ರೆ ಇಬ್ರಿಗೂ ಬೈಯ್ಯೋರು," ಎಂದ ಗುಂಡಿ ತೋಡಿದ್ದ ಮಂಚಯ್ಯ.

"ಬೈಯ್ಯೋಕೂ ಮುಂಚೆ ಒಂದಿನ ಇಲ್ಲೇ ಕುಂತಿರೋರು," ಎಂದಳು ಪಕ್ಕದ ಮನೆ ಸಿದ್ದಲಿಂಗಮ್ಮ. ಅತ್ತು ಕೆಂಪಾಗಿದ್ದ ಕಣ್ಣುಗಳೂ ನಕ್ಕವು.

*

ದೊಡ್ಡತಾಯಮ್ಮ ಗಿಡ ಕೊಡುವ ರೀತಿಯೇ ಹಾಗೆ. ಕೇಳಿದವರ ಮನೆಗೆ ಬೆಳಿಗ್ಗೆಯೇ ಹೋಗಿ ಅಂಗಳದಲ್ಲಿ ಕೂರುವುದು. ನೆರಳು ಸರಿದಲ್ಲೆಲ್ಲ ಒಂದೊಂದು ಕಲ್ಲು ಇಡುವುದು. ಹೊತ್ತು ಮುಳುಗಿದ ಮೇಲೆ ತೀರ್ಪು. ಸಿದ್ದಲಿಂಗಮ್ಮನ ಮನೆಯಲ್ಲಿ ಮೂರು ಲೋಟ ಕಾಫಿ, ಎರಡು ಮುದ್ದೆ ಮುಗಿಸಿ, "ಮಲ್ಲಿಗೆ ಆಮೇಲೆ. ಮೊದ್ಲು ಎಮ್ಮೆ ಕಟ್ಟೋ ಜಾಗ ಬದಲಾಯ್ಸು," ಎಂದು ಎದ್ದಿದ್ದಳು. ಅಷ್ಟು ಹೊತ್ತಿಗೆ ಆ ಮನೆಯಲ್ಲಿ ಯಾರು ಯಾರೊಡನೆ ಮಾತು ಬಿಟ್ಟಿದ್ದಾರೆಂಬುದೂ ಅವಳಿಗೆ ತಿಳಿದಿರುತ್ತಿತ್ತು. ಆ ಭಯಕ್ಕೇ ಕೆಲವರು ಗಿಡ ಕೇಳುತ್ತಿರಲಿಲ್ಲ.

ಎಂಬತ್ತೆರಡನೇ ಇಸವಿಯಲ್ಲಿ ಮದುವೆಯಾಗಿ ಬಂದ ಪ್ರಮೀಳಾ ನಾಗಮಂಗಲದಿಂದ ಗುಲಾಬಿ ಕಡ್ಡಿ ತಂದು ಸೀಬೆಮರದ ಕೆಳಗೆ ನೆಟ್ಟಿದ್ದಳು. ಅತ್ತೆ ನೋಡಿದಳು, ತುಟಿ ಬಿಚ್ಚಲಿಲ್ಲ. ಗಿಡ ಒಂದೂವರೆ ವರ್ಷ ಉದ್ದುದ್ದ ಬೆಳೆಯಿತೇ ಹೊರತು ಮೊಗ್ಗಿಲ್ಲ. ಒಂದು ದಿನ ಸೊಸೆ ಅದರ ಮುಂದೆ ಕಣ್ಣೀರು ಹಾಕಿದಾಗ ಅತ್ತೆ ಗುದ್ದಲಿ ತಂದು, ಗಿಡವನ್ನು ಕಿತ್ತು ಬಾವಿಯ ಬಳಿ ಬಿಸಿಲಿಗೆ ನೆಟ್ಟಳು.

"ಮೊದ್ಲೇ ಏಳ್ಬಾರ್ದಿತ್ತಾ ಅತ್ತೆ?"

"ಏಳಿದ್ರೆ ನಿಂಗೆ ನನ್ ಮ್ಯಾಲೆ ಕ್ವಾಪ ಬತ್ತಿತ್ತು ಕಣಮ್ಮಿ. ಈಗ ನೋಡು, ಸೀಬೆಮರದ ಮ್ಯಾಲೆ ಬಂದದೆ."

*

ಪ್ರಮೀಳಾ ಸೆರಗು ಸಿಕ್ಕಿಸಿ ಡಬ್ಬವನ್ನು ಕುಳ್ಳಯ್ಯನ ಕೈಯಿಂದ ಇಸಿದುಕೊಂಡಳು.

"ನೀವು ತಂದಿದ್ದೇ ನೆಡಾವ, ಮಾವ. ನಿಮ್ದೇನೂ ತಪ್ಪಿಲ್ಲ, ನನ್ದೂ ಇಲ್ಲ. ಎಲ್ಲಾ ಈ ಮರದ್ದು."

ಕುಳ್ಳಯ್ಯ ಮರವನ್ನು ಗುರಾಯಿಸಿದ. ಅಷ್ಟು ಹೊತ್ತು ಸಿಟ್ಟಿಗೆ ಸರಿಯಾದ ವಿಳಾಸ ಸಿಕ್ಕಿರಲಿಲ್ಲ. ಪಂಚೆ ಎತ್ತಿ ಕಟ್ಟಿದ, ಯಾರದೋ ಕೈಯಿಂದ ಮಚ್ಚು ಕಸಿದ, ಹತ್ತಿಯೇಬಿಟ್ಟ.

"ಲೇ ಕುಳ್ಳ, ಅರವತ್ತಾಯ್ತು, ಇಳಿಯಲಾ!" ಮಂಚಯ್ಯ ಕೂಗಿದ. "ಒಂದೇ ದಿನ ಎಲ್ಡು ಗುಂಡಿ ತೋಡಾಕೆ ನನ್ ಕೈಲಾಗಾಕಿಲ್ಲ!"

"ನೀನು ಕೆಳಗೆ ನೋಡ್ಲಾ, ಎಲ್ಲಿ ಬಿತ್ತು ಬಿಸ್ಲು?"

ಮೊದಲ ಕೊಂಬೆ ಮುರಿದು ಬಿತ್ತು. ಬಿಸಿಲು ಕಾಲದೆಸೆಗೆ ಬಿತ್ತು.

"ಎಡಕ್ಕೆ, ಮಾವ!" ಎಂದಳು ಪ್ರಮೀಳಾ.

"ಎಡಕ್ಕಲ್ಲ, ಮ್ಯಾಕೆ!" ಎಂದಳು ಸಿದ್ದಲಿಂಗಮ್ಮ.

ಎರಡನೆಯ ಕೊಂಬೆ ಕಳಚಿತು. ಹಸಿಮಣ್ಣಿನ ಮೇಲೆ, ಅಷ್ಟರಲ್ಲಿ ಪ್ರಮೀಳಾ ತಲೆದೆಸೆಗೆ ನೆಟ್ಟಿದ್ದ ದಾಸವಾಳದ ಬುಡಕ್ಕೆ ಸರಿಯಾಗಿ, ಮೊರದಗಲ ಬೆಳಕು ಬಂದು ಕೂತಿತು.

"ಇದು ಅನ್ನೊಂದು ಗಂಟೆ ಬಿಸ್ಲು!" ಮೇಲಿನಿಂದ ಕುಳ್ಳಯ್ಯ ಗರ್ಜಿಸಿದ. "ಅನ್ನೆಲ್ಡರದ್ದೂ ಬೇಕಾ?"

ಮಣ್ಣಿಗೆ ಬಂದ ಜನವೆಲ್ಲ ಹಣೆಗೆ ಕೈ ಅಡ್ಡ ಹಿಡಿದು, ಕಣ್ಣು ಕಿರಿದು ಮಾಡಿ, ಎಲೆಗಳ ನಡುವಿನ ತೂತನ್ನೇ ಅಳೆಯುತ್ತ ನಿಂತಿತು.