ಬೆನ್ನ ಮೇಲಿನ ಹದಿನೈದು

ನಾನು ಒಂದು ಕಾರಿನ ಚಕ್ರ. ಉಕ್ಕಿನ ಬಡಪಾಯಿ ಚಕ್ರವಲ್ಲ. ಅಲ್ಯೂಮಿನಿಯಂ ಎರಕದ, ಹತ್ತು ಕಡ್ಡಿಗಳ ಚೆಲುವ. ಅಚ್ಚಿನಿಂದ ಸುಡುಸುಡು ಹೊರಬಿದ್ದಾಗಲೇ ನನ್ನ ಬೆನ್ನಿಗೆ ಹದಿನೈದು ಎಂಬ ಅಂಕಿ ಮೂಡಿತ್ತು. ಚಕ್ರ ಕಾರಿನೊಳಗೆ ಎಷ್ಟು ಸೇರಬೇಕು, ಹೊರಗೆ ಎಷ್ಟು ಚಾಚಬೇಕು ಎಂಬುದರ ಮಿಲಿಮೀಟರ್ ಅಳತೆ ಅದು. ಆಫ್‌ಸೆಟ್ ಎನ್ನುತ್ತಾರೆ. ಅಂಕಿ ಸಣ್ಣದಾದಷ್ಟೂ ಚಕ್ರ ಹೊರಕ್ಕೆ. ಮೋರೆ ಹೊಳೆದರೆ ಸಾಕು, ಬೆನ್ನನ್ನು ಯಾರು ನೋಡುತ್ತಾರೆ ಎಂದು ನಾನು ಬೀಗುತ್ತಿದ್ದೆ.

ಗದಗಿನ ಟೈರ್ ಅಂಗಡಿಯೊಂದರಲ್ಲಿ ನನ್ನನ್ನೂ ನನ್ನ ಮೂವರು ಅಣ್ಣತಮ್ಮಂದಿರನ್ನೂ ಆರಿಸಿದವನು ಚನ್ನವೀರ. ಮದುವೆ ಪತ್ರಿಕೆ ಅಚ್ಚು ಹಾಕುವ ಆಫ್‌ಸೆಟ್ ಪ್ರೆಸ್ಸಿನ ಮಾಲೀಕ. ತನ್ನ ಹೊಸ ಕೆಂಪು ಕಾರಿನ ಚಕ್ರಗಳು ಉಬ್ಬಿ ಹೊರಗೆ ನಿಲ್ಲಬೇಕು ಎಂಬುದು ಅವನ ಹಟ. ಫಿಟ್ಟರ್ ದಾದಾಪೀರ್ ನನ್ನನ್ನು ಬೋರಲು ಹಾಕಿ ಅಂಕಿ ಓದಿದ. ಈ ಗಾಡಿಗೆ ನಲವತ್ತೈದರ ಆಫ್‌ಸೆಟ್ ಬೇಕು, ಇದು ಮೂರು ಸೆಂಟಿಮೀಟರ್ ಹೊರಗೆ ಬರುತ್ತದೆ, ಜನ ತುಂಬಿಕೊಂಡು ಹಂಪ್ ಹಾರಿಸಿದರೆ ಟೈರು ಮಡ್‌ಗಾರ್ಡಿಗೆ ತಿಕ್ಕಿ ಹರಿಯುತ್ತದೆ ಎಂದ. ಚನ್ನವೀರನ ಹೆಂಡತಿ ಸುವರ್ಣಾ ಪಕ್ಕದಲ್ಲೇ ನಿಂತಿದ್ದಳು. ಚನ್ನವೀರ ಎದೆಯುಬ್ಬಿಸಿದ.

"ಆಫ್‌ಸೆಟ್ ನನಗ ಕಲಸ್ತಿಯೇನೋ? ಇಪ್ಪತ್ತು ವರ್ಷ ಆತು, ಆಫ್‌ಸೆಟ್ ಮ್ಯಾಲೇ ಊಟ ಮಾಡಾಕತ್ತೀನಿ."

ಅಂಗಡಿಯೆಲ್ಲ ಗೊಳ್ಳೆಂದು ನಕ್ಕಿತು. ಸುವರ್ಣಾಳೂ ನಕ್ಕಳು. ಸುಳ್ಳೇಕೆ ಹೇಳಲಿ, ನನಗೂ ನಗು ಬಂತು. ಅಂಗಡಿಯ ಸಾಹುಕಾರ ಕಣ್ಣು ಬಿಟ್ಟ ಮೇಲೆ ದಾದಾಪೀರ್ ನಟ್ಟು ಬಿಗಿದ.

ನಾನು ಮುಂದಿನ ಎಡಚಕ್ರ. ಎಂಟು ದಿನ ಊರವರೆಲ್ಲ ನನ್ನನ್ನು ತಿರುತಿರುಗಿ ನೋಡಿದರು. ಒಂಬತ್ತನೆಯ ದಿನ ಮದುವೆಗೆಂದು ಪಕ್ಕದಲ್ಲಿ ಸುವರ್ಣಾಳನ್ನೂ ಹಿಂದಿನ ಸೀಟಿನಲ್ಲಿ ಮೂವರು ನೆಂಟರನ್ನೂ ತುಂಬಿಕೊಂಡ ಚನ್ನವೀರ ಹಂಪ್ ಬಂದರೂ ವೇಗ ಇಳಿಸಲಿಲ್ಲ. ಕಾರು ಕುಸಿಯಿತು, ನನ್ನ ಟೈರು ಮಡ್‌ಗಾರ್ಡಿನ ಅಂಚಿಗೆ ಸಿಕ್ಕಿ ಹರಿಯಿತು, ಎಡಮಗ್ಗುಲು ಹುಣಸೆಮರಕ್ಕೆ ಬಡಿಯಿತು. ಉಳಿದವರಿಗೆ ತರಚುಗಾಯ. ಸುವರ್ಣಾಳ ಎಡಗಾಲನ್ನು ಆಸ್ಪತ್ರೆಯಲ್ಲಿ ಮೊಣಕಾಲಿನಿಂದ ಕೆಳಗೆ ತೆಗೆದರು.

ಚನ್ನವೀರ ಆಸ್ಪತ್ರೆಯಿಂದ ನೆಟ್ಟಗೆ ಪ್ರೆಸ್ಸಿಗೆ ಹೋದ. ಇವನ ಕೈಗೆ ಗಾಡಿ ಕೊಡಬೇಡಿ ಎಂದು ದಾದಾಪೀರನ ಫೋಟೋ ಸಮೇತ ಹ್ಯಾಂಡ್‌ಬಿಲ್ ಅಚ್ಚು ಹಾಕಿ, ಬೆಳಗಿನ ಪೇಪರಿನೊಳಗೆ ಇಟ್ಟು ಮನೆಮನೆಗೆ ಹಂಚಿಸಿದ. ಅಕ್ಷರಗಳು ಬಹಳ ಸ್ಪಷ್ಟವಾಗಿ ಮೂಡಿದ್ದವು. ಫಿಟ್ಟರ್ ಮೊದಲೇ ಎಚ್ಚರಿಸಿದ್ದನೇ ಎಂದು ಪೊಲೀಸರು ಸುವರ್ಣಾಳನ್ನು ಕೇಳಿದರು. ಗಂಡ ಮಂಚದ ಪಕ್ಕದಲ್ಲೇ ಕೂತಿದ್ದ. ಇಲ್ಲ ಎಂದಳು. ಆಮೇಲೆ ದಾದಾಪೀರನನ್ನು ಯಾವ ಅಂಗಡಿಯೂ ಸೇರಿಸಲಿಲ್ಲ.

ಅವನೀಗ ಬೇವಿನ ಮರದ ಕೆಳಗೆ ಪಂಕ್ಚರ್ ಹಾಕುತ್ತಾನೆ. ಗುಜರಿಯಲ್ಲಿ ಬಿದ್ದಿದ್ದ ನನ್ನನ್ನು ಹುಡುಕಿ ತಂದು, ಬೆನ್ನು ರಸ್ತೆಗೆ ಮಾಡಿ ಮರಕ್ಕೆ ಒರಗಿಸಿದ್ದಾನೆ. ಹದಿನೈದಕ್ಕೆ ಸುಣ್ಣ ಹಚ್ಚಿದ್ದಾನೆ, ಯಾರಾದರೂ ಕೇಳಿದರೆ ಹೇಳೋಣವೆಂದು. ಮೂರು ವರ್ಷದಲ್ಲಿ ಒಬ್ಬರೂ ಕೇಳಿಲ್ಲ.

ಮೊನ್ನೆ ಪಂಕ್ಚರ್ ಆದ ಆಟೊವೊಂದರಿಂದ ಊರುಗೋಲು ಹಿಡಿದು ಸುವರ್ಣಾ ಇಳಿದಳು. ಅವನನ್ನು ನೋಡಿದಳು, ನನ್ನನ್ನು ನೋಡಿದಳು. ಊರುಗೋಲಿನ ತುದಿಯಿಂದ ಹದಿನೈದನ್ನು ತೋರಿಸಿದಳು.

"ಅವತ್ತ ನೀವು ಇನ್ನೊಮ್ಮೆ ಗಟ್ಟಿಯಾಗಿ ಹೇಳಬೇಕಿತ್ತು."

ದಾದಾಪೀರ್ ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದ. ತಲೆ ಎತ್ತಲಿಲ್ಲ.

"ಹೇಳಿದ್ನೆಲ್ರಿ ಅಕ್ಕಾರ. ನೀವು ನಕ್ಕಿದ್ರಿ."

ಟ್ಯೂಬಿಗೆ ತೇಪೆ ಬಿತ್ತು. ಆಟೊ ಹೋಯಿತು. ಅವತ್ತು ನಾನೂ ನಕ್ಕಿದ್ದೆ. ಅದು ದಾದಾಪೀರನಿಗೆ ಗೊತ್ತಿಲ್ಲ. ಪ್ರತಿ ಅಮಾವಾಸ್ಯೆಗೆ ಹೊಸದಾಗಿ ಸುಣ್ಣ ಹಚ್ಚುತ್ತಾನೆ.